ಮೆಣಸಿನ ಬುಡಕ್ಕೆ ಹಸಿರು ಬೂಷ್ಟು

ಮೇ ತಿಂಗಳು ಅರ್ಧ ಕಳೆಯಿತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು. "ಟ್ರೈಕೋಡರ್ಮಾ ಎಲ್ಲಿ ತಗೊಂಡ್ರಿ ಅಕ್ಕಾ?" "ಒಂದು ಬುಡಕ್ಕೆ ಎಷ್ಟು ಹಾಕೋದು?" ಟ್ರೈಕೋಡರ್ಮಾ ಅಂದರೆ ಮಣ್ಣಿನಲ್ಲಿರುವ ಒಂದು ಹಸಿರು ಬೂಷ್ಟು, ಕಾಳುಮೆಣಸಿನ ಸೊರಗು ರೋಗ ತಡೆಯಲು ಬಳ್ಳಿಯ ಬುಡಕ್ಕೆ ಹಾಕುವಂಥದ್ದು. ಆಗಸ್ಟಿನಲ್ಲಿ ಬರುವ ಕರೆಗಳ ದನಿಯೇ ಬೇರೆ. "ಎಲೆ ಹಳದಿ ಆಗಿ ಉದುರ್ತಾ ಇದೆ, ಈಗ ಟ್ರೈಕೋಡರ್ಮಾ ಹಾಕಿದ್ರೆ ಬಳ್ಳಿ ಉಳೀತದಾ?" ಮೇ ತಿಂಗಳಿನವರಿಗೆ ಹೇಳಲು ನನ್ನ ಹತ್ತಿರ ಬೇಕಾದಷ್ಟಿದೆ. ಆಗಸ್ಟಿನವರಿಗೆ ಹೇಳುವುದು ಇಷ್ಟೇ: ಆ ಬಳ್ಳಿಯ ಆಸೆ ಬಿಡಿ, ಅದರ ಸುತ್ತಲಿನವನ್ನು ನೋಡಿಕೊಳ್ಳಿ. ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಈ ಸಲ ಬರೆದೇಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಹೊಸನಗರ ಕಡೆಯ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಅಡಿಕೆಯ ಉಸಾಬರಿ ನಮ್ಮನೆಯವರದ್ದು. ಮೆಣಸು ಮತ್ತು ಗೊಬ್ಬರದ ಗುಂಡಿ ನನ್ನ ಪಾಲಿಗೆ ಬಂದಿವೆ. ಪಾಲಿಗೆ ಬಂದದ್ದು ಅಂದರೂ ನಾನೇ ಕೇಳಿ ತೆಗೆದುಕೊಂಡದ್ದು. ಮೆಣಸಿನ ದುಡ್ಡು ಮನೆಯ ಹೆಂಗಸರ ಕೈಗೆ ಬರಬೇಕು ಅನ್ನುವುದು ನಮ್ಮ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ, ಅದನ್ನು ಮುರಿಯುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ.

ಸೊರಗು ರೋಗ ನೋಡದ ಮೆಣಸು ಬೆಳೆಗಾರ ಮಲೆನಾಡಿನಲ್ಲಿ ಸಿಗಲಿಕ್ಕಿಲ್ಲ. ಆದರೂ ಶುರುವಿನ ಗುರುತು ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಮಳೆ ಹಿಡಿದ ಮೇಲೆ ನೆಲಕ್ಕೆ ಹತ್ತಿರದ ಎಲೆಗಳನ್ನು ಮಗುಚಿ ನೋಡಬೇಕು. ಕಪ್ಪು ಮಚ್ಚೆ, ಅಂಚು ನೆಟ್ಟಗಿರುವುದಿಲ್ಲ, ಬಟ್ಟೆಯ ಕುಚ್ಚು ಬಿಚ್ಚಿಕೊಂಡ ಹಾಗೆ ಎಳೆಎಳೆಯಾಗಿರುತ್ತದೆ. ಆಮೇಲೆ ಬುಡ. ಮಣ್ಣು ತಾಗುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಜಾರಿ ಬರುತ್ತದೆ, ಒಳಗೆ ಕಪ್ಪಗೆ ಲೋಳೆ, ಕೊಳೆತ ವಾಸನೆ. ಅಲ್ಲಿಂದ ಎರಡು ಮೂರು ವಾರ. ಎಲೆ ಬಾಡಿ ಉದುರುತ್ತದೆ, ಗಿಣ್ಣುಗಳು ಮುಟ್ಟಿದರೆ ಕಳಚಿ ಬೀಳುತ್ತವೆ, ಧೋ ಎಂದು ಸುರಿಯುವ ಮಳೆಯಲ್ಲಿ ನಿಂತ ಬಳ್ಳಿ ನೀರಿಲ್ಲದೆ ಸತ್ತಂತೆ ಕಾಣುತ್ತದೆ. ಬೇರೇ ಇಲ್ಲದ ಮೇಲೆ ನೀರು ಕುಡಿಯುವುದು ಎಲ್ಲಿಂದ?

ಇದನ್ನು ಮಾಡುವುದು ಫೈಟಾಫ್ತೊರಾ ಕ್ಯಾಪ್ಸಿಸಿ ಎಂಬ ಸೂಕ್ಷ್ಮಜೀವಿ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಫೈಟಾಫ್ತೊರಾ ಕುಲದ್ದು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಸಾಹೇಬರು ಕೊಳೆರೋಗದ ಬೆನ್ನು ಹತ್ತಿ, ಬೋರ್ಡೋ ದ್ರಾವಣವನ್ನು ನಮ್ಮ ಅಡಿಕೆ ತೋಟಗಳಿಗೆ ತಂದವರು. ನೂರು ವರ್ಷ ದಾಟಿದರೂ ನಾವು ಮೈಲುತುತ್ತ ಸುಣ್ಣ ಕಲಸುವುದನ್ನು ಬಿಟ್ಟಿಲ್ಲ, ಬಿಡುವ ಹಾಗೂ ಇಲ್ಲ.

ಇಲ್ಲಿ ಒಂದು ವಿಷಯ ತಲೆಗೆ ಹೋದರೆ ಮುಂದಿನದೆಲ್ಲ ಸಲೀಸು. ಫೈಟಾಫ್ತೊರಾವನ್ನು ಎಲ್ಲರೂ ಶಿಲೀಂಧ್ರ ಅನ್ನುತ್ತೇವೆ, ನಿಜವಾಗಿ ಅದು ಶಿಲೀಂಧ್ರಗಳ ಜಾತಿಗೆ ಸೇರಿದ್ದಲ್ಲ. ನಿಜವಾದ ಶಿಲೀಂಧ್ರದ ಜೀವಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ. ಫೈಟಾಫ್ತೊರಾದ ಗೋಡೆಯಲ್ಲಿರುವುದು ಮುಖ್ಯವಾಗಿ ಗ್ಲುಕಾನ್ ಮತ್ತು ಸೆಲ್ಯುಲೋಸ್. ಅದರ ಬೀಜಕಣಗಳಿಗೆ ಎರಡು ಬಾಲ, ನೀರಿನ ಪಸೆ ಸಿಕ್ಕರೆ ಬೇರು ಹುಡುಕಿಕೊಂಡು ಈಜುತ್ತವೆ. ಹಾಗಾಗಿ ಕಾದಿಗೆ (ನೀರು ಬಸಿಯುವ ಕಾಲುವೆ) ತುಂಬಿ ನೀರು ನಿಂತ ತೋಟದಲ್ಲಿ ಯಾವ ಔಷಧಿಯೂ ನಾಟುವುದಿಲ್ಲ. ಮೊದಲು ಕಾದಿಗೆ ಬಿಡಿಸಿ, ಆಮೇಲೆ ಅಂಗಡಿಗೆ ಹೋಗಿ.

ಇನ್ನು, ಸೊರಗಿದ ಬಳ್ಳಿಯ ಬುಡಕ್ಕೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹೊಯ್ಯುವವರನ್ನು ನಮ್ಮ ಕಡೆ ಈಗಲೂ ಕಾಣುತ್ತೇನೆ. ಅಂಗಡಿಯವರು ಕೊಡುತ್ತಾರೆ, ಇವರು ಹೊಯ್ಯುತ್ತಾರೆ. ಕಾರ್ಬೆಂಡಜಿಮ್ ಕೆಲಸ ಮಾಡುವುದು ನಿಜವಾದ ಶಿಲೀಂಧ್ರಗಳ ಮೇಲೆ. ಫೈಟಾಫ್ತೊರಾಕ್ಕೆ ಅದರಿಂದ ಏನೂ ಆಗುವುದಿಲ್ಲ. ಬುಡದಲ್ಲಿದ್ದ ಟ್ರೈಕೋಡರ್ಮಾ ಮಾತ್ರ ಸಾಯುತ್ತದೆ. ದುಡ್ಡು ಕೊಟ್ಟು ಕಾವಲುಗಾರನನ್ನು ಹೊಡೆಸಿ ಕಳ್ಳನಿಗೆ ಬಾಗಿಲು ತೆಗೆದ ಹಾಗೆ.

ಟ್ರೈಕೋಡರ್ಮಾ ಹೊಸದೇನಲ್ಲ. ನಿಮ್ಮ ತೋಟದ ಮಣ್ಣಿನಲ್ಲಿ, ಸೌದೆ ರಾಶಿಯ ಅಡಿಯಲ್ಲಿ, ಬೆಟ್ಟದ ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ) ಅದು ಈಗಾಗಲೇ ಇದೆ. ಈ ಕುಲಕ್ಕೆ ಹೆಸರಿಟ್ಟದ್ದು 1794ರಷ್ಟು ಹಿಂದೆ. ಅದು ಬೇರೆ ಶಿಲೀಂಧ್ರಗಳನ್ನು ತಿನ್ನುತ್ತದೆ ಅಂತ ಸರಿಯಾಗಿ ತೋರಿಸಿದ್ದು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ವೈಂಡ್ಲಿಂಗ್, 1932ರಲ್ಲಿ. ಟ್ರೈಕೋಡರ್ಮಾದ ಎಳೆ ರೋಗದ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು, ಗೋಡೆ ಕರಗಿಸಿ ಒಳಗಿನದನ್ನು ಹೀರಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಮರಕ್ಕೆ ಬಳ್ಳಿ ಸುತ್ತುವುದನ್ನು ದಿನಾ ನೋಡುವ ನಮಗೆ ಅದರಲ್ಲಿ ವಿಶೇಷ ಏನೂ ಅನ್ನಿಸಲಿಕ್ಕಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿ ಬಟ್ಟೆಯ ಡೇರೆಗಳು ಕೊಳೆತು ತೂತು ಬೀಳುತ್ತಿದ್ದವಂತೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಟ್ರೈಕೋಡರ್ಮಾ. ಹತ್ತಿ ಅಂದರೆ ಬಹುಪಾಲು ಸೆಲ್ಯುಲೋಸ್, ಅದನ್ನು ಕರಗಿಸುವುದರಲ್ಲಿ ಈ ಬೂಷ್ಟಿನ ಕೈ ದೊಡ್ಡದು. ಇವತ್ತು ಕಾರ್ಖಾನೆಗಳು ಸೆಲ್ಯುಲೋಸ್ ಕರಗಿಸುವ ಸೆಲ್ಯುಲೇಸ್ ಕಿಣ್ವ ತೆಗೆಯುವುದು ಹೆಚ್ಚಾಗಿ ಅದೇ ಡೇರೆ ತಿಂದ ತಳಿಯ ಸಂತಾನದಿಂದ. ಫೈಟಾಫ್ತೊರಾದ ಗೋಡೆಯಲ್ಲಿ ಏನಿದೆ ಅಂತ ಮೇಲೆ ಹೇಳಿದೆನಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡಿ.

ತಿನ್ನುವುದೊಂದೇ ಅದರ ಕೆಲಸವಲ್ಲ. ಬೇರಿನ ಸುತ್ತ ಮೊದಲೇ ಜಾಗ ಹಿಡಿದುಬಿಟ್ಟರೆ ಬೇರೆಯವರಿಗೆ ಕೂರಲು ಜಾಗ ಸಿಗುವುದಿಲ್ಲ, ತಿನ್ನಲು ಅನ್ನವೂ ಸಿಗುವುದಿಲ್ಲ. ಬೇರಿನ ಹೊರಪದರದೊಳಕ್ಕೆ ಸ್ವಲ್ಪ ಹೊಕ್ಕು ಗಿಡವನ್ನು ಎಚ್ಚರಿಸಿಯೂ ಇಡುತ್ತದೆ. ಆದರೆ ಇಷ್ಟೆಲ್ಲ ಮಾಡಲು ಅದು ಮೊದಲು ಬಂದಿರಬೇಕು. ಬೇರು ಕೊಳೆತ ಮೇಲೆ ಬಂದು ಅದು ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಆಗಸ್ಟಿನ ಕರೆಗಳಿಗೆ ನನ್ನ ಉತ್ತರ ಅಷ್ಟು ಒರಟಾಗಿರುವುದು ಇದಕ್ಕೇ.

ಈಗ ಗೊಬ್ಬರದ ರಾಶಿಗೆ ಬರೋಣ, ನನಗೆ ಖುಷಿಯ ಭಾಗ.

ಏಪ್ರಿಲ್ ಕೊನೆಗೆ ಕೊಟ್ಟಿಗೆ ಗೊಬ್ಬರ ತೆಗೆಸುತ್ತೇನೆ. ಹಸಿ ಸಗಣಿಯಲ್ಲ, ಚೆನ್ನಾಗಿ ಕಳಿತು ಕೈಯಲ್ಲಿ ಹಿಡಿದರೆ ಪುಡಿಯಾಗುವಂಥದ್ದು. ಹಸಿ ಗೊಬ್ಬರ ಒಳಗೊಳಗೇ ಕಾಯುತ್ತದೆ, ಆ ಬಿಸಿಗೆ ಟ್ರೈಕೋಡರ್ಮಾ ತಡೆಯುವುದಿಲ್ಲ. 90 ಕೆ.ಜಿ. ಗೊಬ್ಬರಕ್ಕೆ 10 ಕೆ.ಜಿ. ಬೇವಿನ ಹಿಂಡಿ, ಅದಕ್ಕೆ ಒಂದರಿಂದ ಎರಡು ಕೆ.ಜಿ. ಟ್ರೈಕೋಡರ್ಮಾ ಪುಡಿ. ಅಳತೆ ನನ್ನದಲ್ಲ, ಕೇರಳ ಕರ್ನಾಟಕ ಎರಡೂ ಕಡೆ ಕೃಷಿ ವಿಜ್ಞಾನಿಗಳು ಹೇಳುವುದು ಹೆಚ್ಚುಕಮ್ಮಿ ಇದನ್ನೇ. ನೀರು ಚಿಮುಕಿಸುತ್ತಾ ಕಲಸಬೇಕು. ಎಷ್ಟು ನೀರು ಅಂತ ಕೇಳುವವರಿಗೆ: ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು. ಒಸರಿತು ಅಂದರೆ ಇನ್ನೊಂದಿಷ್ಟು ಒಣ ಗೊಬ್ಬರ ಸೇರಿಸಿ.

ರಾಶಿ ನೆರಳಿನಲ್ಲೇ ಇರಬೇಕು. ನಮ್ಮದು ಸೌದೆ ಕೊಟ್ಟಿಗೆಯ ಮೂಲೆ. ಮೇಲೆ ಒದ್ದೆ ಗೋಣಿಚೀಲ. ನಾಲ್ಕೈದು ದಿನಕ್ಕೆ ಚೀಲ ಸರಿಸಿದರೆ ಮೊದಲು ಬಿಳಿಯ ನೂಲು, ಮೂಲೆಗಳಲ್ಲಿ ಅಲ್ಲಲ್ಲಿ ಹಸಿರು. ಪಾಚಿಯ ಹಸಿರಲ್ಲ, ಗಾಢ, ಪುಡಿಪುಡಿ ಹಸಿರು. ಬೆರಳಿಗೆ ಹತ್ತುತ್ತದೆ, ಊದಿದರೆ ಹಾರುತ್ತದೆ. (ಊದಬೇಡಿ. ರಾಶಿ ಮಗುಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು, ಉಬ್ಬಸ ಇದ್ದವರು ಆ ಕಡೆ ಸುಳಿಯುವುದೇ ಬೇಡ.) ಒಮ್ಮೆ ಮಗುಚಿ, ಮತ್ತೆ ಮುಚ್ಚಿ ಬಿಡುತ್ತೇನೆ. ಇನ್ನೂ ಕೆಲವು ದಿನಕ್ಕೆ ರಾಶಿ ಪೂರ್ತಿ ಹಬ್ಬುತ್ತದೆ.

ಇನ್ನು ಅದರ ವಾಸನೆ. ಮೊದಲ ಸಲ ರಾಶಿ ಮಾಡಿದಾಗ ಅತ್ತೆ ಸೌದೆಗೆ ಅಂತ ಹೋದವರು ಹಿತ್ತಲಿನಿಂದಲೇ ಕೂಗಿದರು: "ಯಾರೇ ಅದು, ಕೊಟ್ಟಿಗೆಲಿ ಕೊಬ್ಬರಿ ತುರಿದದ್ದು?" ಯಾರೂ ತುರಿದಿರಲಿಲ್ಲ. ಟ್ರೈಕೋಡರ್ಮಾದ ಹಲವು ತಳಿಗಳು ಪೆಂಟೈಲ್ ಪೈರೋನ್ ಎಂಬ ಒಂದು ವಸ್ತುವನ್ನು ಹೊರಬಿಡುತ್ತವೆ, ಅದರ ವಾಸನೆ ಥೇಟ್ ತೆಂಗಿನಕಾಯಿಯದ್ದು. ಬರೀ ವಾಸನೆಯಲ್ಲ, ಬೇರೆ ಶಿಲೀಂಧ್ರಗಳನ್ನು ದೂರ ಇಡುವ ಅಸ್ತ್ರವೂ ಹೌದು. ಎಲ್ಲ ಪ್ಯಾಕೆಟ್ಟಿನದ್ದೂ ಹೀಗೆ ಕೊಬ್ಬರಿ ಕೊಬ್ಬರಿ ಅನ್ನುವುದಿಲ್ಲ, ಆದರೆ ಬಂದರೆ ನಾನು ನಿಶ್ಚಿಂತೆ. ಅಮೋನಿಯದ ಘಾಟು ಬಂದರೆ ಗೊಬ್ಬರ ಹಸಿಯಿತ್ತು ಅಂತ ಅರ್ಥ. ಹುಳಿ ವಾಸನೆ ಬಂದರೆ ನೀರು ಹೆಚ್ಚಾಗಿದೆ.

ಈ ಹುಳಿ ವಾಸನೆಯ ವಿಷಯಕ್ಕೇ ನಮ್ಮ ಭಾವನಿಗೂ ನನಗೂ ಜಟಾಪಟಿ. ಅವರದು ಡ್ರಮ್ಮಿನ ಪದ್ಧತಿ: 200 ಲೀಟರ್ ನೀರು, ಬೆಲ್ಲ, ಒಂದು ಪ್ಯಾಕೆಟ್ ಟ್ರೈಕೋಡರ್ಮಾ, ದಿನಾ ಕೋಲಿನಲ್ಲಿ ತಿರುವುವುದು. ವಿಡಿಯೋ ನೋಡಿ ಕಲಿತದ್ದು. ಬೆಲ್ಲದ ನೀರು ತೆರೆದಿಟ್ಟರೆ ಅದರಲ್ಲಿ ಮೊದಲು ಎದ್ದು ನಿಲ್ಲುವುದು ಯೀಸ್ಟು ಮತ್ತು ಬ್ಯಾಕ್ಟೀರಿಯಾ. ಪ್ರಯೋಗಾಲಯದಲ್ಲಿ ಎಲ್ಲವನ್ನೂ ಕುದಿಸಿ, ಶುದ್ಧ ಗಾಳಿ ಊದಿ ಮಾಡುವ ಕೆಲಸವನ್ನು ಹಿತ್ತಲಿನ ಡ್ರಮ್ಮಿನಲ್ಲಿ ಮಾಡಿ ಅದು ಟ್ರೈಕೋಡರ್ಮಾವೇ ಅಂದರೆ ನಾನು ಒಪ್ಪುವುದಿಲ್ಲ. "ನಿನ್ನ ರಾಶಿಲೂ ಹಾಳುಮೂಳು ಬೆಳೆಯೋದಿಲ್ಲವಾ ಹಾಗಾದ್ರೆ?" ಅಂತಾರೆ ಭಾವ. ಬೆಳೆಯುತ್ತದೆ. ಆದರೆ ಕಳಿತ ಗೊಬ್ಬರ, ಬೇವಿನ ಹಿಂಡಿ ಟ್ರೈಕೋಡರ್ಮಾದ ಊಟ, ಬೆಲ್ಲದ ನೀರು ಎಲ್ಲರ ಊಟ. ಈ ವಾದ ಪ್ರತಿ ವರ್ಷ ನಡೆಯುತ್ತದೆ, ಇನ್ನೂ ತೀರ್ಮಾನವಾಗಿಲ್ಲ.

ಪ್ಯಾಕೆಟ್ ಕೊಳ್ಳುವಾಗ ಬೆಲೆ ನೋಡುವ ಮೊದಲು ಹಿಂಬದಿ ಓದಿ. ಟ್ರೈಕೋಡರ್ಮಾ ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು, ನೋಂದಣಿ ಸಂಖ್ಯೆ ಇಲ್ಲದ್ದನ್ನು ಮುಟ್ಟಬೇಡಿ. ಒಂದು ಗ್ರಾಂ ಪುಡಿಯಲ್ಲಿ ಮೊಳೆಯಬಲ್ಲ ಬೀಜಕಣಗಳು, ಅಂದರೆ ಸಿಎಫ್‌ಯು, ಕನಿಷ್ಠ 20 ಲಕ್ಷ ಇರಬೇಕು. ತಯಾರಾದ ದಿನಾಂಕ ನೋಡಿ. ಟಾಲ್ಕ್ ಪುಡಿಯಲ್ಲಿ ಬೆರೆಸಿದ್ದಾದರೆ ಅದು ನಾಲ್ಕಾರು ತಿಂಗಳು ಬಾಳುತ್ತದೆ, ಅದೂ ತಂಪಿನಲ್ಲಿಟ್ಟರೆ. ಪೇಟೆಯ ಒಂದು ಅಂಗಡಿಯಲ್ಲಿ ಶೀಟಿನ ಮಾಡಿನ ಕೆಳಗೆ, ಏಪ್ರಿಲ್ ಬಿಸಿಲಿನಲ್ಲಿ, ಕಳೆನಾಶಕದ ಡಬ್ಬಿಗಳ ಮೇಲೆ ಪೇರಿಸಿಟ್ಟಿದ್ದ ಪ್ಯಾಕೆಟ್ಟುಗಳನ್ನು ನೋಡಿದ್ದೇನೆ. ಅಲ್ಲಿಂದ ತಂದದ್ದು ಗೋಣಿಚೀಲದ ಕೆಳಗೆ ವಾರಗಟ್ಟಲೆ ಮಲಗಿತ್ತೇ ಹೊರತು ಒಂದು ಎಳೆ ಹುಟ್ಟಲಿಲ್ಲ. ಕೇಳಿದರೆ "ನೀವು ನೀರು ಸರಿ ಹಾಕಿಲ್ಲ" ಎಂಬ ಉತ್ತರ. ಈಗ ವಿಶ್ವವಿದ್ಯಾಲಯದ ಕಡೆಯಿಂದಲೋ ಕೃಷಿ ವಿಜ್ಞಾನ ಕೇಂದ್ರದಿಂದಲೋ ತರಿಸುತ್ತೇನೆ. ಮೊದಲೇ ಹೇಳಿಡಬೇಕು, ಮೇ ತಿಂಗಳಿನಲ್ಲಿ ಎಲ್ಲರಿಗೂ ಅದೇ ಬೇಕು.

ಪ್ಯಾಕೆಟ್ಟಿನ ಮೇಲಿನ ಪ್ರಭೇದದ ಹೆಸರುಗಳ ಗೊಂದಲಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಿರಿಡೆ, ಹಾರ್ಜಿಯಾನಂ, ಆಸ್ಪೆರೆಲ್ಲಂ ಅಂತೆಲ್ಲ ಬರೆದಿರುತ್ತಾರೆ. ವಿರಿಡೆ ಎಂದು ಮಾರುವ ಎಷ್ಟೋ ತಳಿಗಳು ಪರೀಕ್ಷಿಸಿದಾಗ ಆಸ್ಪೆರೆಲ್ಲಂ ಅಂತ ತಿಳಿದದ್ದಿದೆ. ಮೆಣಸಿಗೆ ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೆಚ್ಚು ಹೇಳುವುದು ಹಾರ್ಜಿಯಾನಂ.

ಒಂದು ಎಚ್ಚರಿಕೆ, ನನ್ನ ನಾದಿನಿಯ ಪರವಾಗಿ. ಅವಳು ಸಾಗರದಲ್ಲಿ ಒಂದು ಕೋಣೆಯಲ್ಲಿ ಚಿಪ್ಪಣಬೆ ಬೆಳೆಯುತ್ತಾಳೆ. ನಾನು ಹೋದರೆ ಬಾಗಿಲಲ್ಲೇ "ಅತ್ತಿಗೆ, ಗೊಬ್ಬರದ ಕೆಲಸ ಮುಗಿಸಿ ಬಂದ್ರಾ? ಮೊದಲು ಸ್ನಾನ" ಅನ್ನುತ್ತಾಳೆ. ತಮಾಷೆಯಲ್ಲ. ಅಣಬೆ ಬೆಳೆಯುವವರಿಗೆ ಹಸಿರು ಬೂಷ್ಟು ಅಂದರೆ ಇದೇ ಟ್ರೈಕೋಡರ್ಮಾ. ಹುಲ್ಲಿನ ಚೀಲದಲ್ಲಿ ಒಂದು ಹಸಿರು ಚುಕ್ಕೆ ಕಂಡರೆ ಆ ಚೀಲ ಹೊರಗೆ. ಅಣಬೆಯೂ ಶಿಲೀಂಧ್ರ ತಾನೇ, ಟ್ರೈಕೋಡರ್ಮಾ ಅದನ್ನು ಬಿಟ್ಟೀತೆ? ಒಂದೇ ಹಿತ್ತಲಿನಲ್ಲಿ ಅಣಬೆ ಕೋಣೆ ಮತ್ತು ಟ್ರೈಕೋಡರ್ಮಾ ರಾಶಿ ಎರಡನ್ನೂ ಮಾಡುವ ಯೋಚನೆ ಇದ್ದರೆ ಒಂದನ್ನು ಬಿಡಿ.

ಹಾಕುವುದು ಯಾವಾಗ? ಮೇ ನಡುವಿನ ಕೃತ್ತಿಕೆ ಮಳೆ ಒಂದೆರಡು ಬಿದ್ದು ಮಣ್ಣು ಹದವಾದ ಮೇಲೆ. ಒಣ ಮಣ್ಣಿಗೆ ಹಾಕಿದರೆ ದಂಡ. ಬುಡದ ಸುತ್ತ ದರಕು ಸರಿಸಿ, ಬೇರಿಗೆ ಗಾಯವಾಗದಂತೆ ಗೊಬ್ಬರ ಹರಡಿ, ಮತ್ತೆ ದರಕು ಮುಚ್ಚುತ್ತೇವೆ. ಬುಡಕ್ಕೆ ಸಲಿಕೆ ಹಾಕಿ ಕೆದಕುವ ಆಳುಗಳನ್ನು ಅವತ್ತು ಅಡಿಕೆ ಕಡೆ ಕಳಿಸಿಬಿಡುತ್ತೇನೆ, ಗಾಯವಾದ ಬೇರಿನಲ್ಲಿ ರೋಗಕ್ಕೆ ದಾರಿ ಸಲೀಸು. ಬರೀ ಪುಡಿಯ ಲೆಕ್ಕದಲ್ಲಿ ಒಂದು ಬಳ್ಳಿಗೆ 50 ಗ್ರಾಂ ಅನ್ನುತ್ತಾರೆ. ರಾಶಿಯಲ್ಲಿ ಬೆಳೆಸಿದ್ದಾದರೆ ನಾನು ಒಂದು ಕೆ.ಜಿ.ಯ ಆಸುಪಾಸು ಹಾಕುತ್ತೇನೆ. ಆಗಸ್ಟ್ ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ.

ದರಕು ಮುಚ್ಚುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಮೆಣಸು ಇರುವುದು ಅಡಿಕೆ ಮರದ ಕೆಳಗೆ. ಜೂನಿನಲ್ಲಿ ಗೊನೆಗೆ ಬೋರ್ಡೋ ಹೊಡೆದಾಗ ಅರ್ಧ ನೀಲಿ ನೀರು ಕೆಳಗೇ ತೊಟ್ಟಿಕ್ಕುತ್ತದೆ. ಬೋರ್ಡೋದಲ್ಲಿರುವ ತಾಮ್ರಕ್ಕೂ ಟ್ರೈಕೋಡರ್ಮಾಕ್ಕೂ ಆಗಿಬರುವುದಿಲ್ಲ. ಹಾಗಂತ ಬೋರ್ಡೋ ಬಿಡಲಾಗುತ್ತದೆಯೇ? ಮರದ ತುದಿಯ ಗೊನೆಯಲ್ಲಿ, ಬಳ್ಳಿಯ ಎಲೆಯ ಮೇಲೆ ಟ್ರೈಕೋಡರ್ಮಾದ ಆಟ ನಡೆಯುವುದಿಲ್ಲ, ಅದರ ರಾಜ್ಯ ಮಣ್ಣಿನೊಳಗೆ. ಮೇಲೆ ಬೋರ್ಡೋ, ಕೆಳಗೆ ಟ್ರೈಕೋಡರ್ಮಾ, ನಡುವೆ ಕನಿಷ್ಠ 15 ದಿನದ ಅಂತರ ಮತ್ತು ಒಂದು ಹಾಸು ದರಕು. ಬುಡಕ್ಕೆ ಏನಾದರೂ ಹೊಯ್ಯಲೇಬೇಕೆಂದರೆ ಪೊಟ್ಯಾಸಿಯಂ ಫಾಸ್ಫೊನೇಟ್ ಇದೆ, ಅದರ ಜೊತೆ ಟ್ರೈಕೋಡರ್ಮಾ ಹೊಂದಿಕೊಂಡು ಹೋಗುತ್ತದೆ. "ರಾಸಾಯನಿಕ ಮುಟ್ಟಲೇಬಾರದು" ಅನ್ನುವ ಬಳಗದವರು ನನ್ನನ್ನು ಅರ್ಧ ಸಾವಯವ ಅಂತ ಹಾಸ್ಯ ಮಾಡುತ್ತಾರೆ. ಮಾಡಲಿ. ಆರಿದ್ರಾ ಮಳೆಯಲ್ಲಿ ಅವರ ಅಡಿಕೆ ಉದುರುವುದನ್ನೂ ನಾನು ನೋಡಿದ್ದೇನೆ.

ನರ್ಸರಿಯ ಮಾತೂ ಹೇಳಬೇಕು, ಏಕೆಂದರೆ ಎಷ್ಟೋ ತೋಟಕ್ಕೆ ರೋಗ ಬರುವುದು ಪಾಲಿಥಿನ್ ಕೊಟ್ಟೆಯಲ್ಲಿ, ದುಡ್ಡು ಕೊಟ್ಟು ತಂದ ಸಸಿಯ ಜೊತೆಗೆ. ಕೊಟ್ಟೆಗೆ ತುಂಬುವ ಮಣ್ಣನ್ನು ಬೇಸಿಗೆಯಲ್ಲಿ ಒದ್ದೆ ಮಾಡಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಒಂದೂವರೆ ತಿಂಗಳು ಬಿಸಿಲಿಗೆ ಬಿಟ್ಟರೆ ರೋಗದ ಬಹುಪಾಲು ಅಲ್ಲೇ ಮುಗಿಯುತ್ತದೆ. ಹಾಗೆ ಖಾಲಿಯಾದ ಮಣ್ಣಿಗೆ ಟ್ರೈಕೋಡರ್ಮಾ ಸೇರಿಸಿದರೆ ಅದು ಎದುರಾಳಿಯೇ ಇಲ್ಲದೆ ಬೇರು ಹಿಡಿಯುತ್ತದೆ. ನನ್ನನ್ನು ಕೇಳಿದರೆ ಟ್ರೈಕೋಡರ್ಮಾಕ್ಕೆ ಹಾಕಿದ ದುಡ್ಡು ಅತಿ ಹೆಚ್ಚು ಫಲ ಕೊಡುವುದು ಇಲ್ಲಿ, ದೊಡ್ಡ ಬಳ್ಳಿಯ ಬುಡದಲ್ಲಲ್ಲ.

ಎಲ್ಲ ಮಾಡಿದ ಮೇಲೂ ಬಳ್ಳಿ ಸಾಯುತ್ತದೆಯೇ? ಸಾಯುತ್ತದೆ. 2019ರ ಆಗಸ್ಟಿನ ಮಳೆ ನೆನಪಿರಬೇಕಲ್ಲ. ನಮ್ಮ ಕೆಳಗಿನ ತೋಟದಲ್ಲಿ ಹಳ್ಳದ ನೀರು ಹಿಂದಕ್ಕೆ ಒತ್ತಿ ಕಾದಿಗೆಯೂ ತೋಟವೂ ಒಂದಾಗಿ ನಿಂತಿತ್ತು. ಆ ಭಾಗದ ಮೆಣಸು ಪೂರ್ತಿ ಹೋಯಿತು. ಟ್ರೈಕೋಡರ್ಮಾಕ್ಕೂ ಉಸಿರಾಡಲು ಗಾಳಿ ಬೇಕು, ನೀರಿನಲ್ಲಿ ಮುಳುಗಿದ ಮಣ್ಣಿನಲ್ಲಿ ಅದು ಸುಮ್ಮನೆ ಮಲಗುತ್ತದೆ, ಈಜಲು ಬರುವ ಫೈಟಾಫ್ತೊರಾಕ್ಕೆ ಹಬ್ಬ. ಮೇಲಿನ ತೋಟದಲ್ಲಿ, ಇಳಿಜಾರಿರುವ ಕಡೆ, ಅಲ್ಲೊಂದು ಇಲ್ಲೊಂದು ಹೋದದ್ದು ಬಿಟ್ಟರೆ ಉಳಿದವು ನಿಂತವು. ಅದರಲ್ಲಿ ಟ್ರೈಕೋಡರ್ಮಾದ ಪಾಲೆಷ್ಟು, ಇಳಿಜಾರಿನ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ಗೊಬ್ಬರ ಹಾಕದೆ ಒಂದು ಸಾಲು ಬಿಟ್ಟು ನೋಡು ಅಂತ ಭಾವ ಹೇಳುತ್ತಾರೆ. ಅವರ ತೋಟದಲ್ಲಿ ಬಿಡಲಿ.

ಕೆಳಗಿನ ತೋಟಕ್ಕೆ ಈಗ ಹಿಪ್ಪಲಿ ಕಸಿ ನೆಟ್ಟಿದ್ದೇವೆ. ಬೇರು ಬ್ರೆಜಿಲ್ ಕಡೆಯ ಹಿಪ್ಪಲಿಯದ್ದು, ಪೈಪರ್ ಕೊಲುಬ್ರಿನಂ. ಮೇಲೆ ಕಸಿ ಮಾಡಿದ್ದು ನಮ್ಮ ಪಣಿಯೂರು ತಳಿಯ ಮೆಣಸು. ಆ ಹಿಪ್ಪಲಿ ಜೌಗಿನಲ್ಲೇ ಬೆಳೆಯುವಂಥದ್ದು, ಅದರ ಬೇರಿಗೆ ಫೈಟಾಫ್ತೊರಾ ಹತ್ತುವುದಿಲ್ಲ. ಆದರೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಒಣಗಿಹೋಗುತ್ತದೆ. ಹಾಗಾಗಿ ಫೆಬ್ರವರಿಯಿಂದ ಅತ್ತ ಕಡೆ ಪೈಪು ಎಳೆಯುವ ಕೆಲಸ ಹೊಸದಾಗಿ ಸೇರಿದೆ. "ಅದಕ್ಕೆ ರೋಗವೇ ಬರೋದಿಲ್ಲ ಅಂದಮೇಲೆ ನಿನ್ನ ಹಸಿರು ಗೊಬ್ಬರ ಅಲ್ಲಿಗೆ ಯಾಕೆ?" ಅಂತ ನಮ್ಮನೆಯವರು ಕೇಳಿದರು. ಅಲ್ಲಿಗೆ ಹಾಕುತ್ತಿಲ್ಲ. ಅಲ್ಲಿನ ಪಾಲನ್ನು ಈ ವರ್ಷ ಶುಂಠಿ ಪಟ್ಟೆಗೆ ತಿರುಗಿಸಿದ್ದೇನೆ. ಶುಂಠಿಯ ಗೆಡ್ಡೆ ಕೊಳೆಸುವ ಪಿಥಿಯಂ ಕೂಡ ಫೈಟಾಫ್ತೊರಾದ ದಾಯಾದಿ, ಅದಕ್ಕೂ ಈಜು ಬರುತ್ತದೆ. ಬೀಜದ ಗೆಡ್ಡೆಗೆ ಟ್ರೈಕೋಡರ್ಮಾ ಸವರಿ, ಪಟ್ಟೆ ಎತ್ತರ ಮಾಡಿ ನೆಟ್ಟಿದ್ದೇನೆ. ಮೊಳಕೆ ಬಂದಿದೆ. ಸೆಪ್ಟೆಂಬರ್ ಕಳೆಯಲಿ, ಏನಾಯಿತು ಅಂತ ಬರೆಯುತ್ತೇನೆ.